ದಿನಕ್ಕೆ ಮೂರು ಗ್ರಾಂ

ಕೆರೆಕಟ್ಟೆ
18 ಜೂನ್ 2024

ರಂಜನಾ,

ಲಕೋಟೆಯ ಮೇಲಿನ ಅಕ್ಷರ ಯಾರದೆಂದು ತಲೆ ಕೆಡಿಸಿಕೊಳ್ಳಬೇಡ. ನಿನ್ನ ಅತ್ತಿಗೆ ಸುಲೋಚನಾಳದೇ. ಅತ್ತೆಯವರ ಉತ್ತರಕ್ರಿಯೆಯ ದಿನ ಬಿಟ್ಟ ಮಾತು ಒಂಬತ್ತು ವರ್ಷವಾದರೂ ಕೂಡಿಬರಲಿಲ್ಲ. ಈಗಲೂ ಫೋನು ಮಾಡಬಹುದಿತ್ತು. ಆದರೆ ಮಳೆ ಹಿಡಿದ ಮೇಲೆ ಇಲ್ಲಿ ಟವರ್ ಇದ್ದೂ ಇಲ್ಲದ ಹಾಗೆ. ಸಿಗ್ನಲ್ ಸಿಕ್ಕಿದರೂ ನಾವಿಬ್ಬರೂ ಮೂರನೆಯ ಮಾತಿಗೆ ಜಗಳಕ್ಕೆ ನಿಲ್ಲುತ್ತೇವೆ. ಕಾಗದದಲ್ಲಾದರೆ ಉತ್ತರಕ್ಕೆ ವಾರ ಕಾಯಬೇಕು, ಅಷ್ಟರಲ್ಲಿ ಸಿಟ್ಟು ಇಳಿದಿರುತ್ತದೆ.

ನಿನ್ನ ಅಣ್ಣಯ್ಯನ ಕಿಡ್ನಿಯ ವಿಷಯ ನಿನಗೆ ಗೊತ್ತೇ ಇದೆ. ಗೊತ್ತಿಲ್ಲದಿದ್ದರೆ ಏಪ್ರಿಲ್‌ನಿಂದ ವಾರಕ್ಕೆ ಎರಡು ಸಲ ಕಾರ್ಕಳದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಮೂರು ಮೂರು ಪೌಂಡು ಬ್ರೆಡ್ಡು ಬರುತ್ತಿರಲಿಲ್ಲ. ಅದು ತಲುಪುತ್ತಿದೆ. ಇಷ್ಟು ದಿನ ಹೇಳಿರಲಿಲ್ಲ, ಈಗ ಹೇಳಿದೆ.

ಶಿವಮೊಗ್ಗದ ಡಾಕ್ಟರು ದಿನಕ್ಕೆ ಮೂರು ಗ್ರಾಂ ಉಪ್ಪು ಮೀರಬಾರದು ಎಂದಿದ್ದಾರೆ. ಏಲಕ್ಕಿ ತೂಗುವ ಸಣ್ಣ ತಕ್ಕಡಿಯಲ್ಲಿ ಬೆಳಿಗ್ಗೆಯೇ ತೂಗಿ ಪೊಟ್ಟಣ ಕಟ್ಟಿಡುತ್ತೇನೆ. ಅಕ್ಟೋಬರಿನಲ್ಲಿ ಮತ್ತೆ ರಕ್ತ ಪರೀಕ್ಷೆ. ಈಗ ನಾಲ್ಕು ಪಾಯಿಂಟ್ ಒಂದು ಇರುವ ಕ್ರಿಯಾಟಿನಿನ್ ಐದು ದಾಟಿದರೆ ವಾರಕ್ಕೆ ಮೂರು ಸಲ ರಕ್ತ ತೊಳೆಯುವ ಯಂತ್ರಕ್ಕೆ ಹಾಕಬೇಕಂತೆ. ಇಲ್ಲಿಂದ ವಾರಕ್ಕೆ ಮೂರು ಸಲ ಪೇಟೆಗೆ ಹೋಗಿಬರುವುದು ಆ ಮನುಷ್ಯನಿಂದ ಆಗುವ ಕೆಲಸವಲ್ಲ. ನನಗೆ ಹೆದರಿಕೆಯಾಗಿದೆ.

ಇನ್ನು ವಿಷಯಕ್ಕೆ ಬರುತ್ತೇನೆ. ನಮ್ಮ ಹೊರಗಿನ ಕೋಣೆಯಲ್ಲಿ ಹದಿನೈದು ದಿನ ಒಬ್ಬರು ವಿದೇಶಿ ಹೆಂಗಸು ಉಳಿದಿದ್ದರು. ತಲೆಗೆ ದೀಪ ಕಟ್ಟಿಕೊಂಡು ಹಳ್ಳ ತೋಡು ಸುತ್ತಿ ಕಪ್ಪೆ ನೋಡುವುದು ಅವರ ಕೆಲಸ. ಊರವರು ಕಪ್ಪೆ ಮೇಡಂ ಎಂದೇ ಕರೆಯುತ್ತಿದ್ದರು. ಹೋಗುವಾಗ ನನ್ನ ಕೈ ಹಿಡಿದುಕೊಂಡು, ತಮ್ಮ ಊರಿನಲ್ಲಿ ಹುಷಾರಿಲ್ಲದವರಿಗೆಲ್ಲ ಇದನ್ನೇ ಕೊಡುವುದು ಎಂದು ಆರು ಡಬ್ಬಿ ಕೊಟ್ಟುಹೋದರು. ಕೋಳಿ ಮತ್ತು ಶಾವಿಗೆಯಂಥ ನೂಡಲ್ಸ್ ಹಾಕಿದ ಸೂಪು. ನಮ್ಮಲ್ಲಿ ಜ್ವರಕ್ಕೆ ಮೆಣಸಿನ ಕೋಳಿ ಸಾರು ಮಾಡುವುದಿಲ್ಲವೇ, ಹಾಗೇ ಇರಬೇಕು ಎಂದುಕೊಂಡೆ.

ನಿನ್ನ ಅಣ್ಣಯ್ಯ ಎರಡು ತಿಂಗಳಿಂದ ನನ್ನ ಅಡುಗೆ ನೋಡಿದರೆ ಮುಖ ತಿರುಗಿಸುತ್ತಿದ್ದವರು, ಒಂದು ಡಬ್ಬಿ ಪೂರ್ತಿ ಕುಡಿದು ಬಟ್ಟಲು ನೆಕ್ಕಿದರು. "ಎಂತ ಮಾರಾಯ್ತಿ ಇದು! ಇಷ್ಟು ದಿನ ಎಲ್ಲಿ ಅಡಗ್ಸಿಟ್ಟಿದ್ದೆ?" ಅಂದರು. ನನಗೆ ಅಳು ಬಂತು.

ಡಬ್ಬಿಗೆ ಅಂಟಿಸಿದ ಕಾಗದವನ್ನು ನೀರಿನಲ್ಲಿ ನೆನೆಸಿ ಬಿಡಿಸಿ, ಒಲೆಯ ಪಕ್ಕ ಒಣಗಿಸಿ ಇದರ ಜೊತೆ ಇಟ್ಟಿದ್ದೇನೆ. ನನ್ನ ಎಸ್ಸೆಸ್ಸೆಲ್ಸಿ ಇಂಗ್ಲಿಷಿಗೆ ಅರ್ಥವಾದಷ್ಟು ಓದಿದೆ. ಸೋಡಿಯಂ 890 ಮಿಲಿಗ್ರಾಂ ಎಂದಿದೆ. ಸೋಡಿಯಂ ಅಂದರೆ ಉಪ್ಪೇ ತಾನೇ? ಹಾಗಾದರೆ ಒಂದು ಗ್ರಾಮಿಗೂ ಕಡಿಮೆ. ಮೂರು ಗ್ರಾಮಿನ ಲೆಕ್ಕದೊಳಗೇ ಇದೆ ಎಂದು ಎರಡು ದಿನಕ್ಕೊಂದರಂತೆ ನಾಲ್ಕು ಕೊಟ್ಟೆ. ಆದರೆ ಮೊನ್ನೆಯಿಂದ ಕಾಲು ಬಾತಿದೆ, ಚಪ್ಪಲಿ ಹಿಡಿಸುತ್ತಿಲ್ಲ. ನೀನು ಮೂವತ್ತೊಂದು ವರ್ಷ ಎನ್.ಆರ್.ಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದವಳು. ನಾನು ಎಲ್ಲಿ ತಪ್ಪಿದೆ, ಓದಿ ತಿಳಿಸು. ಮೊನೋ ಎಂದು ಶುರುವಾಗುವ ಒಂದು ಉದ್ದದ ಹೆಸರೂ ಇದೆ. ಅದು ಎಂಥದು?

ಸುಲೋಚನಾ

*

ಕೊಪ್ಪ
24 ಜೂನ್ 2024

ಅತ್ತಿಗೆಯವರಿಗೆ ನಮಸ್ಕಾರ.

ಮೊದಲು ಉಳಿದ ಎರಡು ಡಬ್ಬಿ ಕೊಡುವುದನ್ನು ನಿಲ್ಲಿಸಿ. ನಂತರ ಉಳಿದದ್ದನ್ನು ಓದಿ.

ನೀವು ಮಾಡಿದ್ದು ಎರಡು ತಪ್ಪು. ಎರಡನ್ನೂ ಓದಿದವರೇ ಮಾಡುತ್ತಾರೆ, ಬೇಜಾರು ಬೇಡ. ಲೇಬಲ್ಲಿನ ತಲೆಯ ಹತ್ತಿರ ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ಸಾಲಿದೆ. ಈ ಡಬ್ಬಿಯಲ್ಲಿ ಸುಮಾರು ಎರಡೂವರೆ ಜನರ ಪಾಲು ಇದೆ ಎಂದು ಅದರ ಅರ್ಥ. ಕೆಳಗಿನ ಅಂಕೆಗಳೆಲ್ಲ ಒಂದು ಪಾಲಿಗೆ ಮಾತ್ರ. ಅಣ್ಣಯ್ಯ ಇಡೀ ಡಬ್ಬಿ ಕುಡಿದಿದ್ದಾನೆ. ಅಂದರೆ 890 ಅಲ್ಲ, 2,225 ಮಿಲಿಗ್ರಾಂ.

ಎರಡನೆಯದು, ಸೋಡಿಯಂ ಎಂದರೆ ಉಪ್ಪಿನೊಳಗಿನ ಒಂದು ಭಾಗ. ಐದು ಗ್ರಾಂ ಉಪ್ಪಿನಲ್ಲಿ ಎರಡು ಗ್ರಾಂ ಸೋಡಿಯಂ ಇರುತ್ತದೆ. ಆದ್ದರಿಂದ ಸೋಡಿಯಮ್ಮಿನ ಅಂಕೆಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಅಂಕೆ ಸಿಗುತ್ತದೆ. ಒಂದು ಡಬ್ಬಿಗೆ ಐದೂವರೆ ಗ್ರಾಂ ಉಪ್ಪು ಬಂತು. ಡಾಕ್ಟರು ಎರಡು ದಿನಕ್ಕೆ ಕೊಟ್ಟದ್ದು ಹೆಚ್ಚುಕಮ್ಮಿ ಒಂದೇ ಬಟ್ಟಲಿನಲ್ಲಿ ಹೋಗಿದೆ. ನೀವು ಕೇಳಿದ ಉದ್ದದ ಹೆಸರು ರುಚಿ ಹೆಚ್ಚಿಸುವ ಹರಳು. ಅದರಲ್ಲೂ ಸೋಡಿಯಂ ಇದೆ, ಅದು ಈ ಲೆಕ್ಕದೊಳಗೇ ಸೇರಿದೆ.

ಉಳಿದಂತೆ ಇಡೀ ಡಬ್ಬಿಯಲ್ಲಿ ನೂರೈವತ್ತು ಕ್ಯಾಲರಿ, ಏಳೂವರೆ ಗ್ರಾಂ ಪ್ರೋಟೀನ್. ಒಂದು ಮೊಟ್ಟೆಗಿಂತ ತುಸು ಹೆಚ್ಚು. ಇಷ್ಟಕ್ಕೆ ಕೋಳಿ ಎಷ್ಟು ಹಾಕಿರಬಹುದು ಎಂದು ನನಗೂ ಕುತೂಹಲ ಹುಟ್ಟಿದೆ. ಒಂದು ಡಬ್ಬಿ ಒಡೆದು ಜರಡಿಯಲ್ಲಿ ಸೋಸಿ, ಕೋಳಿಯ ಚೂರುಗಳನ್ನು ಆರಿಸಿ ನಿಮ್ಮ ಏಲಕ್ಕಿ ತಕ್ಕಡಿಯಲ್ಲಿ ತೂಗಿ ಬರೆಯಿರಿ.

ಬ್ರೆಡ್ಡು ತಲುಪುತ್ತಿದೆ ಎಂದು ತಿಳಿದು ಸಮಾಧಾನವಾಯಿತು. ಕಾಯಿಲೆಯವರಿಗೆ ನಂಜಿಲ್ಲದ್ದು ಅದೊಂದೇ ಎಂದು ಕಳಿಸುತ್ತಿದ್ದೇನೆ. ಅವನನ್ನು ಬಂದು ನೋಡುವ ಆಸೆಯಿದೆ, ಮುಖವಿಲ್ಲ.

ಇತಿ,
ರಂಜನಾ

*

ಕೆರೆಕಟ್ಟೆ
4 ಜುಲೈ 2024

ರಂಜನಾ,

ನಿನ್ನ ಕಾಗದ ಓದಿ ಒಂದು ದಿನ ಅನ್ನ ಸೇರಲಿಲ್ಲ. ಅವರಿಗೆ ಔಷಧಿ ಅಂದುಕೊಂಡು ನಾಲ್ಕು ಸಲ ಉಪ್ಪುನೀರು ಕುಡಿಸಿದ್ದೇನೆ. ಎರಡನೆಯ ದಿನ ಅಳುವುದು ಬಿಟ್ಟು ಜರಡಿ ಹುಡುಕಿದೆ.

ಕೋಳಿಯ ಚೂರು ಹದಿಮೂರು. ಹೆಸರು ಕೋಳಿ, ಗಾತ್ರ ಅಡಕೆ ಹೋಳಿನದು. ಎಲ್ಲಾ ಸೇರಿಸಿ ತೂಗಿದರೆ ಹದಿನಾಲ್ಕು ಗ್ರಾಂ. ಕ್ಯಾರೆಟ್ಟು ಒಂಬತ್ತು ತುಂಡು, ಅವೂ ಬಣ್ಣಕ್ಕೆ. ಬಾಕಿಯೆಲ್ಲ ಶಾವಿಗೆ ಮತ್ತು ನೀರು. ಕೋಳಿ ಆ ಡಬ್ಬಿಯ ದಾರಿಯಲ್ಲಿ ಹಾದುಹೋಗಿದೆ ಎನ್ನಬಹುದು, ಅಷ್ಟೆ. ಕೊನೆಯ ಡಬ್ಬಿಯನ್ನು ಪಕ್ಕದ ಮನೆಯ ಸೀತಕ್ಕನಿಗೆ ಕೊಟ್ಟೆ. ಅವಳು ಅದಕ್ಕೆ ಕಾಯಿ ಅರೆದು ಹಾಕಿ, ಮೆಣಸು ಹಾಕಿ, "ಈಗ ಪರ್ವಾಗಿಲ್ಲ ಕಾಣೆ" ಅಂದಳು.

ಆಮೇಲೆ ಒಂದು ಹುಚ್ಚು ಹಿಡಿಯಿತು. ನಮ್ಮ ಕೋಳಿ ಸಾರಿಗೂ ಒಂದು ಲೇಬಲ್ ಬರೆದರೆ ಹೇಗಿರುತ್ತದೆ ಎಂದು ಭಾನುವಾರ ಎಲ್ಲವನ್ನೂ ತೂಗಿಯೇ ಹಾಕಿದೆ. ಒಂದು ಬಟ್ಟಲಿಗೆ ಕೋಳಿ ಎಂಬತ್ತು ಗ್ರಾಂ, ಮೆಣಸು ಎರಡು, ಕಾಯಿ ಹದಿನೈದು. ಅವರ ಬಟ್ಟಲಿಗೆ ಉಪ್ಪು ಒಂದೂವರೆ ಗ್ರಾಂ, ಪೊಟ್ಟಣದಿಂದ. ಮೊದಲೆಲ್ಲ ನಾನು ಕೈಯಳತೆಯಲ್ಲಿ ಹಾಕುತ್ತಿದ್ದಷ್ಟು ಉಪ್ಪನ್ನೂ ತೂಗಿ ನೋಡಿದೆ. ಒಂದು ಬಟ್ಟಲಿಗೆ ನಾಲ್ಕು ಗ್ರಾಂ ಬಂತು! ಇಷ್ಟು ವರ್ಷ ನಾನೂ ಡಬ್ಬಿ ಕಂಪನಿಯವಳೇ ಆಗಿದ್ದೆ, ಲೇಬಲ್ ಇರಲಿಲ್ಲ ಅಷ್ಟೆ.

ಒಂದೂವರೆ ಗ್ರಾಮಿನ ಸಾರನ್ನು ಅವರು ಎರಡು ಸಲ ಬಾಯಿಗಿಟ್ಟು ತಟ್ಟೆ ಸರಿಸಿದರು. ಆಗ ನನಗೆ ತಿಳಿಯಿತು, ಅವರು ಅವತ್ತು ಬಟ್ಟಲು ನೆಕ್ಕಿದ್ದು ಕೋಳಿಗೂ ಅಲ್ಲ, ಸೂಪಿಗೂ ಅಲ್ಲ. ಕೇಳಿದರೆ ಬೈಯುತ್ತಾಳೆ ಎಂದು ಬಾಯಿಬಿಟ್ಟು ಉಪ್ಪು ಕೇಳಿಲ್ಲ, ಪಾಪ.

ಬಾವು ಸ್ವಲ್ಪ ಇಳಿದ ಹಾಗೆ ಕಾಣುತ್ತದೆ. ನೋಡುವ.

ಸುಲೋಚನಾ

*

ಕೊಪ್ಪ
1 ಆಗಸ್ಟ್ 2024

ಅತ್ತಿಗೆ,

ನಿನ್ನೆ ಇಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಸೀತಕ್ಕ ಸಿಕ್ಕಿದ್ದಳು. ಅಣ್ಣಯ್ಯನ ಕಾಲು ಇನ್ನೂ ಬಾತೇ ಇದೆಯಂತೆ. ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದೆಯಂತೆ. ಡಬ್ಬಿ ನಿಲ್ಲಿಸಿ ತಿಂಗಳಾಯಿತು. ದಿನಕ್ಕೆ ಮೂರೇ ಗ್ರಾಂ ಹೋಗುತ್ತಿದ್ದರೆ ಈ ಬಾವು ಇಳಿಯಲೇಬೇಕಿತ್ತು. ಉಪ್ಪು ಎಲ್ಲಿಂದಲೋ ಒಳಗೆ ಹೋಗುತ್ತಿದೆ. ಆ ಮನೆಯಲ್ಲಿ ಬಡಿಸುವವರು ನೀವೊಬ್ಬರೇ.

ತಟ್ಟೆ ಸರಿಸಿದಾಗ ನಿಮಗೆ ಕರುಳು ಚುರುಕ್ ಎಂದಿರಬಹುದು. ಒಂದು ಚಿಟಿಕೆಗೆ ಏನಾಗುತ್ತದೆ ಎನಿಸಿರಬಹುದು. ಅಮ್ಮನ ಸಮಯದಲ್ಲೂ ಹೀಗೇ ಆಯಿತು. ಅವತ್ತು ಹತ್ತು ಜನರೆದುರು ನಾನು ಕೇಳಿದಾಗ ನೀವು ಉತ್ತರ ಕೊಡದೆ ಎದ್ದುಹೋದಿರಿ. ಈಗ ಒಬ್ಬಳೇ ಕೇಳುತ್ತಿದ್ದೇನೆ. ಅಣ್ಣಯ್ಯನಿಗೆ ನೀವು ಉಪ್ಪು ಹಾಕುತ್ತಿದ್ದೀರಾ?

ನನಗೆ ಉಳಿದಿರುವುದು ಅವನೊಬ್ಬನೇ.

ರಂಜನಾ

*

ಕೆರೆಕಟ್ಟೆ
29 ಆಗಸ್ಟ್ 2024

ರಂಜನಾ,

ಕಾಗದದಲ್ಲಾದರೆ ಸಿಟ್ಟು ಇಳಿಯುತ್ತದೆ ಎಂದು ಬರೆದಿದ್ದೆ. ನಾಲ್ಕು ವಾರ ಕಾದೆ, ಇಳಿಯಲಿಲ್ಲ. ಇನ್ನು ಇಳಿಯುವ ಹಾಗೆಯೂ ಕಾಣುವುದಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ನಿನ್ನ ಅಮ್ಮನಿಗೆ ನಾನು ಉಪ್ಪು ಹಾಕಿದ್ದು ನಿಜ. ಕೊನೆಯ ಮೂರು ದಿನ. ಡಾಕ್ಟರು ಕೈಬಿಟ್ಟು ಮನೆಗೆ ಕಳಿಸಿದ್ದರು. ಅತ್ತೆ ನನ್ನ ಸೆರಗು ಹಿಡಿದು, "ಗಂಜಿಗೊಂದ್ ಕಲ್ಲು ಉಪ್ಪು ಹಾಕೆ ಸುಲೋಚ್ನಾ, ನಿನ್ ದಮ್ಮಯ್ಯ" ಅಂದರು. ಹಾಕಿದೆ. ಮೂರು ದಿನ ಉಂಡರು. ಹತ್ತು ಜನರೆದುರು ನೀನು ಕೇಳಿದಾಗ ಸುಳ್ಳು ಹೇಳಲು ಬಾಯಿ ಬರಲಿಲ್ಲ, ನಿಜ ಹೇಳಲು ಧೈರ್ಯ ಬರಲಿಲ್ಲ. ಅದಕ್ಕೇ ಎದ್ದುಹೋದೆ.

ನಿನ್ನ ಅಣ್ಣಯ್ಯನಿಗೆ ಹಾಕಿಲ್ಲ. ಅದನ್ನು ಒಪ್ಪಿಕೊಂಡವಳು ಇದನ್ನು ಮುಚ್ಚಿಟ್ಟು ಏನು ಮಾಡಲಿ? ಜೂನಿನಿಂದ ನಾನೂ ಅವರ ಸಾರನ್ನೇ ಉಣ್ಣುತ್ತಿದ್ದೇನೆ. ನನ್ನ ತಟ್ಟೆಯಲ್ಲಿ ಉಪ್ಪು ಕಂಡರೆ ಅವರಿಗೆ ಆಸೆಯಾದೀತು ಎಂದು ನನಗೂ ಅದೇ. ಉಪ್ಪಿನಕಾಯಿ ಭರಣಿ, ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಹಪ್ಪಳ ಎಲ್ಲವೂ ಸೀತಕ್ಕನ ಮನೆಯ ಅಟ್ಟದಲ್ಲಿವೆ. ಬಂದು ನೋಡು.

ಮೇಷ್ಟ್ರಮ್ಮನಿಗೆ ಲೆಕ್ಕ ಬೇಕಲ್ಲವೇ? ಅವರು ನಿನ್ನೆ ತಿಂದದ್ದನ್ನು ಒಂದೂ ಬಿಡದೆ ಬರೆಯುತ್ತೇನೆ. ಬೆಳಿಗ್ಗೆ ಆರಕ್ಕೆ ಕಾಫಿ, ನಾಲ್ಕು ತುಂಡು ಬ್ರೆಡ್ಡು. ಒಂಬತ್ತಕ್ಕೆ ಎರಡು ನೀರುದೋಸೆ, ಉಪ್ಪಿಲ್ಲದೆ, ಒಂದು ತಿಂದು ಒಂದು ಬಿಟ್ಟರು. ಹನ್ನೊಂದಕ್ಕೆ ಹಾಲಿನಲ್ಲಿ ಅದ್ದಿ ಎರಡು ತುಂಡು ಬ್ರೆಡ್ಡು. ಮಧ್ಯಾಹ್ನ ಒಂದು ಸೌಟು ಅನ್ನ, ಬಸಳೆ ಸಾರು, ಪೊಟ್ಟಣದ ಅರ್ಧ ಉಪ್ಪು. ನಾಲ್ಕು ಗಂಟೆಗೆ ಕಾವಲಿಯ ಮೇಲೆ ಕಾಯಿಸಿದ ಬ್ರೆಡ್ಡು, ನಾಲ್ಕು. ರಾತ್ರಿ ಎರಡು ತುತ್ತು ಅನ್ನ, ಪಡುವಲಕಾಯಿ ಪಲ್ಯ, ಪೊಟ್ಟಣದ ಇನ್ನರ್ಧ. ಹೊಟ್ಟೆ ತುಂಬಲಿಲ್ಲವೆಂದು ಮತ್ತೆ ಹಾಲು, ಮೂರು ತುಂಡು ಬ್ರೆಡ್ಡು. ನೀನು ಕಳಿಸಿದ ಬ್ರೆಡ್ಡೊಂದು ಇಲ್ಲದಿದ್ದರೆ ಅವರು ಉಪವಾಸವೇ ಸಾಯುತ್ತಿದ್ದರು. ಆ ಉಪಕಾರವನ್ನು ನಾನು ಮರೆಯುವುದಿಲ್ಲ. ನೀನು ಬರೆದದ್ದನ್ನೂ ಮರೆಯುವುದಿಲ್ಲ.

ಉಪ್ಪು ಎಲ್ಲಿಂದ ಹೋಗುತ್ತಿದೆ ಎಂದು ನನಗೆ ಗೊತ್ತಿಲ್ಲ. ನಾನು ನಿದ್ದೆಗೆಟ್ಟು ಹುಡುಕುತ್ತಿದ್ದೇನೆ. ಬಾವಿಯ ನೀರನ್ನೂ ನಾಲಿಗೆಗೆ ಹಾಕಿ ನೋಡಿದೆ.

ಸುಲೋಚನಾ

*

ಕೊಪ್ಪ
3 ಸೆಪ್ಟೆಂಬರ್ 2024

ಅತ್ತಿಗೆ,

ಇದನ್ನು ಅಂಚೆಗೆ ಹಾಕದೆ ಕಂಡಕ್ಟರ್ ಕೈಯಲ್ಲೇ ಕಳಿಸುತ್ತಿದ್ದೇನೆ. ಇವತ್ತು ಬ್ರೆಡ್ಡು ಇಲ್ಲ. ಮನೆಯಲ್ಲಿ ಉಳಿದಿದ್ದರೆ ಹಸುವಿಗೂ ಹಾಕಬೇಡಿ, ಎಸೆದುಬಿಡಿ.

ನಿಮ್ಮ ಪಟ್ಟಿಯನ್ನು ಪರೀಕ್ಷೆಯ ಪೇಪರ್ ತಿದ್ದುವ ಹಾಗೆ ಕೆಂಪು ಪೆನ್ನು ಹಿಡಿದು ಓದಿದೆ. ತಪ್ಪು ಸಿಕ್ಕಿದ ಕಡೆಯೆಲ್ಲ ಗೆರೆ ಎಳೆಯುವ ಎಂದುಕೊಂಡಿದ್ದೆ. ಅಡುಗೆಯಲ್ಲಿ ಎಲ್ಲೂ ಗೆರೆ ಬೀಳಲಿಲ್ಲ. ನಾಲ್ಕು ಕಡೆ ಬ್ರೆಡ್ಡು ಬಂತು. ಕೂಡಿದೆ, ದಿನಕ್ಕೆ ಹದಿಮೂರು ತುಂಡು. ಪೆನ್ನು ಕೆಳಗಿಟ್ಟು ಚಪ್ಪಲಿ ಮೆಟ್ಟಿಕೊಂಡು ಬೇಕರಿಗೆ ಹೋದೆ.

ಬೇಕರಿಯ ಯಜ್ಞೇಶ ಹಿಟ್ಟು ನಾದುತ್ತಿದ್ದ. ಬ್ರೆಡ್ಡಿಗೆ ಉಪ್ಪು ಹಾಕುತ್ತೀಯಾ ಎಂದು ಕೇಳಿದೆ. ಅವನು ನಕ್ಕ. "ಉಪ್ಪಿಲ್ದೆ ಎಂತ ಬ್ರೆಡ್ಡು ಮೇಡಂ? ಹಿಟ್ಟು ಹದಕ್ಕೇ ಬರಲ್ಲ. ಹತ್ತು ಕೇಜಿ ಮೈದಾಕ್ಕೆ ಇನ್ನೂರು ಗ್ರಾಂ ಹಾಕ್ಲೇಬೇಕು" ಅಂದ. ಅಷ್ಟು ಹಿಟ್ಟಿಗೆ ಎಷ್ಟು ಪೌಂಡು ಆಗುತ್ತದೆ ಎಂದು ಕೇಳಿದೆ. "ನಲ್ವತ್ತು" ಅಂದ.

ಒಂದು ಪೌಂಡಿಗೆ ಐದು ಗ್ರಾಂ ಉಪ್ಪು, ಅತ್ತಿಗೆ. ಹದಿನಾರು ತುಂಡಿನಲ್ಲಿ ಅಣ್ಣಯ್ಯ ತಿನ್ನುವುದು ಹದಿಮೂರು. ದಿನಕ್ಕೆ ನಾಲ್ಕು ಗ್ರಾಂ. ನಿಮ್ಮ ಪೊಟ್ಟಣದ ಮೂರಕ್ಕಿಂತ ಹೆಚ್ಚು, ಅದರ ಮೇಲೆ. ಸಕ್ಕರೆಯೂ ಇರುವುದರಿಂದ ನಾಲಿಗೆಗೆ ತಿಳಿಯುವುದಿಲ್ಲ. ಅಣ್ಣಯ್ಯ ಅನ್ನ ಬಿಟ್ಟು ಅದನ್ನೇ ಕೇಳಿ ಕೇಳಿ ತಿನ್ನುತ್ತಿದ್ದುದು ಏಕೆಂದು ಈಗ ಅರ್ಥವಾಗುತ್ತದೆ. ಕಾಯಿಲೆ ಅಂದರೆ ಬ್ರೆಡ್ಡು ಎಂದು ಚಿಕ್ಕಂದಿನಿಂದ ತಲೆಯಲ್ಲಿ ಕೂತಿದೆ. ಅದರೊಳಗೆ ಏನಿದೆ ಎಂದು ನಾನು ಒಂದು ದಿನವೂ ಯೋಚಿಸಲಿಲ್ಲ. ಡಬ್ಬಿಯ ಮೇಲೆ ಲೇಬಲ್ ಇತ್ತು, ನೀವು ತಪ್ಪೋ ಒಪ್ಪೋ ಓದಿದಿರಿ. ನನ್ನ ಬ್ರೆಡ್ಡಿನ ಪ್ಲಾಸ್ಟಿಕ್ಕಿನ ಮೇಲೆ ಒಂದು ಗುಲಾಬಿ ಹೂವಿನ ಚಿತ್ರ ಮಾತ್ರ ಇದೆ.

ಐದು ತಿಂಗಳು, ವಾರಕ್ಕೆ ಎರಡು ಸಲ, ನನ್ನ ಕೈಯಾರೆ ಕಟ್ಟಿ ಬಸ್ಸಿಗೆ ಹಾಕಿದ್ದೇನೆ. ನಿಮ್ಮನ್ನು ಕೇಳಿದ ಪ್ರಶ್ನೆಯನ್ನು ನನ್ನನ್ನು ಕೇಳಿಕೊಳ್ಳಬೇಕಿತ್ತು. ಅಮ್ಮನ ವಿಷಯ ಓದಿದಾಗ ಸಿಟ್ಟು ಬರಲಿಲ್ಲ. ಮೂರು ದಿನವಾದರೂ ಉಂಡಳಲ್ಲ ಎಂದು ಅಳು ಬಂತು. ಅದನ್ನು ಒಂಬತ್ತು ವರ್ಷ ನಿಮಗೆ ಹೇಳಲಾಗದಂತೆ ಮಾಡಿದವಳು ನಾನು.

ಕ್ಷಮೆ ಕೇಳುವ ಯೋಗ್ಯತೆ ಇದೆಯೋ ಇಲ್ಲವೋ ತಿಳಿಯದು. ಆದರೂ ಕೇಳುತ್ತಿದ್ದೇನೆ. ಅಣ್ಣಯ್ಯನಿಗೆ ಎಲ್ಲವನ್ನೂ ಹೇಳಿಬಿಡಿ. ಇದು ನನ್ನಿಂದ ಆದದ್ದು ಎಂದು ಅವನಿಗೆ ತಿಳಿಯಬೇಕು.

ನಿಮ್ಮ,
ರಂಜನಾ

*

ಕೊಪ್ಪ
26 ಸೆಪ್ಟೆಂಬರ್ 2024

ಅತ್ತಿಗೆ,

ಮೂರು ವಾರವಾಯಿತು. ನೀವು ಬರೆಯದಿದ್ದರೆ ಅದು ನ್ಯಾಯವೇ. ಕಾಲು ಹೇಗಿದೆ ಎಂಬ ಒಂದೇ ಮಾತು ಕಂಡಕ್ಟರ್ ಹತ್ತಿರವಾದರೂ ಹೇಳಿ ಕಳಿಸಿ. ಬಸ್ಸು ಬರುವ ಹೊತ್ತಿಗೆ ದಿನಾ ಸ್ಟ್ಯಾಂಡಿಗೆ ಹೋಗಿ ನಿಲ್ಲುತ್ತಿದ್ದೇನೆ. ಅವನು ನನ್ನನ್ನು ಕಂಡರೆ ತಲೆ ಅಲ್ಲಾಡಿಸಿ ಹೋಗುತ್ತಾನೆ.

ರಂಜನಾ

*

ಕೆರೆಕಟ್ಟೆ
9 ಅಕ್ಟೋಬರ್ 2024

ಪ್ರೀತಿಯ ರಂಜನಾ,

ಉತ್ತರ ತಡವಾಗಿದ್ದು ಸಿಟ್ಟಿನಿಂದಲ್ಲ. ಸ್ವಲ್ಪ ಸಿಟ್ಟೂ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಪರೀಕ್ಷೆಯ ಅಂಕೆ ಕೈಗೆ ಬಾರದೆ ನಿನಗೆ ಏನು ಬರೆದರೂ ಅದು ಬರೀ ಸಮಾಧಾನದ ಮಾತಾಗುತ್ತಿತ್ತು. ನಿನಗೆ ಅಂಕೆ ಬೇಕು, ನನಗೆ ಗೊತ್ತು.

ಮೂರು ಪಾಯಿಂಟ್ ಏಳು. ಡಾಕ್ಟರು ಎರಡು ಸಲ ನೋಡಿ, "ಏನಮ್ಮಾ, ಎಂಥ ಮಾಡಿದ್ರಿ?" ಎಂದು ಕೇಳಿದರು. ಯಂತ್ರದ ಮಾತು ಸದ್ಯಕ್ಕಿಲ್ಲ. ಬಾವು ಇಳಿದಿದೆ, ತೂಕ ನಾಲ್ಕು ಕೇಜಿ ಕಮ್ಮಿಯಾಗಿದೆ. ಅದೆಲ್ಲ ಮೈಯಲ್ಲಿ ನಿಂತಿದ್ದ ನೀರಂತೆ. ಮೊನ್ನೆ ತೋಡಿನವರೆಗೆ ತಾವೇ ನಡೆದುಹೋಗಿ ಕಪ್ಪೆ ಮೇಡಂ ಎಲ್ಲಿ ನಿಂತು ನೋಡುತ್ತಿದ್ದರು ಎಂದು ಸೀತಕ್ಕನಿಗೆ ತೋರಿಸಿ ಬಂದರು.

ಬ್ರೆಡ್ಡು ನಿಂತ ಮೊದಲ ವಾರ ಮಾತ್ರ ಕಷ್ಟವಾಯಿತು. ಮೂರು ದಿನ ಸರಿಯಾಗಿ ಊಟವೇ ಇಲ್ಲ. ನಾಲ್ಕನೆಯ ದಿನ ಹಸಿವು ತಡೆಯದೆ ಅನ್ನ ಕೇಳಿದರು. ಈಗ ಸಾರಿಗೆ ಜೀರಕನ ಹುಳಿ ಹಿಂಡಿ, ಮೆಣಸು ಒಂದು ಕೈ ಮುಂದೆ ಹಾಕುತ್ತೇನೆ. ಹೊಗಳುವುದಿಲ್ಲ, ಆದರೆ ತಟ್ಟೆ ಖಾಲಿಯಾಗುತ್ತದೆ. ನನ್ನ ನಾಲಿಗೆಯೂ ಬದಲಾಗಿಹೋಗಿದೆ. ಮೊನ್ನೆ ಸೀತಕ್ಕನ ಮನೆಯಲ್ಲಿ ಬಡಿಸಿದ ಪಲ್ಯ ಉಪ್ಪುಪ್ಪಾಗಿ ಬಾಯಿಗಿಡಲಾಗಲಿಲ್ಲ.

ಇನ್ನು ನೀನು ಹೇಳಿಬಿಡಿ ಎಂದು ಬರೆದಿದ್ದೆಯಲ್ಲ, ಆ ವಿಷಯ. ಎರಡು ಬಸ್ಸು ಬ್ರೆಡ್ಡಿಲ್ಲದೆ ಬಂದಾಗ ಅವರು ಜಗಲಿಯಲ್ಲಿ ಕೂತು ಕೇಳಿದರು, "ರಂಜನಾ ಯಾಕೆ ಕಳ್ಸಿಲ್ಲ? ಮತ್ತೆ ಜಗಳ ಆಡ್ಕಂಡ್ರಾ ಇಬ್ರೂ?" ಅಂತ. ನಿನ್ನ ಕಾಗದ ನನ್ನ ಸೆರಗಿನಲ್ಲೇ ಇತ್ತು. ಅವರಿಗೆ ಅದು ಬರೀ ಬ್ರೆಡ್ಡಾಗಿರಲಿಲ್ಲ ರಂಜನಾ. ಬಸ್ಸಿನ ಹಾರನ್ ಕೇಳಿದರೆ ಎದ್ದು ಕೂರುತ್ತಿದ್ದರು. ನನ್ನ ತಂಗಿ ನನ್ನನ್ನು ಬಿಟ್ಟಿಲ್ಲ ಎಂದು ಸೀತಕ್ಕನಿಗೂ ಕಂಡಕ್ಟರ್‌ಗೂ ಹೇಳಿಕೊಂಡು ಖುಷಿಪಡುತ್ತಿದ್ದರು. ಕಾಲು ಬಾತಿದ್ದು ಅದರಿಂದಲೇ ಎಂದು ಆ ಮುಖ ನೋಡಿಕೊಂಡು ಹೇಳಲು ನನ್ನಿಂದ ಆಗಲಿಲ್ಲ.

ನಾನೇ ಬೇಡ ಎಂದು ಬರೆದಿದ್ದೇನೆ, ಈ ಮಳೆಗೆ ಬ್ರೆಡ್ಡು ಬೇಗ ಬೂಷ್ಟು ಹಿಡಿಯುತ್ತದೆ ಎಂದು ಅವರಿಗೆ ಹೇಳಿದೆ. ನನ್ನ ತಂಗಿ ಕಳಿಸಿದ್ದನ್ನು ಬೇಡ ಅನ್ನಲು ನೀನು ಯಾರು ಎಂದು ಕೂಗಾಡಿದರು. ಎರಡು ದಿನ ನನ್ನ ಹತ್ತಿರ ಮಾತಿಲ್ಲ. ಬೈಸಿಕೊಂಡು ಅಡುಗೆಮನೆಗೆ ಬಂದಾಗ ನನಗೆ ಒಂದಿಷ್ಟೂ ಬೇಜಾರಾಗಲಿಲ್ಲ. ನನಗೇ ಆಶ್ಚರ್ಯವಾಯಿತು.

ದೀಪಾವಳಿಗೆ ನೀನು ಬರುತ್ತೀಯ, ಬಾರದೆ ಬೇರೆ ದಾರಿ ಇಲ್ಲ, ಕಂಡಕ್ಟರ್‌ಗೂ ಹೇಳಿದ್ದೇನೆ. ಬಂದವಳು ಅಳುತ್ತ ಕೂತು ಎಲ್ಲವನ್ನೂ ಒಪ್ಪಿಸಿಬಿಡಬೇಡ. ಅವರು ಬ್ರೆಡ್ಡಿನ ಮಾತು ತೆಗೆದೇ ತೆಗೆಯುತ್ತಾರೆ. ಹೌದು, ಅತ್ತಿಗೆಯೇ ಬೇಡ ಅಂದರು ಎಂದು ಹೇಳು. ನಾನು ಪಕ್ಕದಲ್ಲೇ ನಿಂತು ಹೌದು ಅನ್ನುತ್ತೇನೆ. ನಾವಿಬ್ಬರೂ ಒಂದೇ ಮಾತು ಹೇಳುವುದನ್ನು ಅವರು ಈವರೆಗೆ ಕೇಳಿಲ್ಲ.

ನಿನ್ನ ಅತ್ತಿಗೆ,
ಸುಲೋಚನಾ